ಕಣ್ಣಲ್ಲಿ ಸಿಲಿಕೋನ್ ಆಯಿಲ್ ಇದೆ, ಈಗ ಪೊರೆಯೂ ಬಂದಿದೆ. ಎರಡೂ ಒಟ್ಟಿಗೆ ತೆಗೆಸಬಹುದಾ?

ದಾವಣಗೆರೆ_ಮಗಳು: ಅಪ್ಪನಿಗೆ 61 ವರ್ಷ. ಐದು ತಿಂಗಳ ಹಿಂದೆ ಬಲಗಣ್ಣಿನ ರೆಟಿನಾ, ಅಂದರೆ ಕಣ್ಣೊಳಗೆ ಹಿಂದಿರುವ ನೋಟದ ಪದರ, ಕಳಚಿತ್ತು. ಅದು ಜಾಗದಲ್ಲಿ ಕೂರಲಿ ಅಂತ ಆಪರೇಷನ್ ಮಾಡಿ ಆಯಿಲ್ ತುಂಬಿದರು. ಹತ್ತು ದಿನ ದಿಂಬಿಗೆ ಮುಖ ಕೊಟ್ಟು ಬೋರಲು ಮಲಗಿದ್ದರು. ಕತ್ತು ಹಿಡಿದರೂ ತುಟಿ ಬಿಚ್ಚಲಿಲ್ಲ. ಈಗ ಅದೇ ಕಣ್ಣಿಗೆ ಪೊರೆ. ಆಯಿಲ್ ತೆಗೆಯುವಾಗಲೇ ಇದನ್ನೂ ಮುಗಿಸೋಣ ಅಂತಾರೆ ಡಾಕ್ಟರ್. ನನಗೆ ಭಯ. ಮೊದಲ ಆಪರೇಷನ್‌ನಲ್ಲೇ ಏನಾದರೂ ತಪ್ಪಾಯಿತಾ?

ಕಣ್ಣಿನ_ಕೆಲಸ: ತಪ್ಪಲ್ಲ ಅಕ್ಕ. ಒಳಗಿನ ಜೆಲ್ ತೆಗೆದು ಆಯಿಲ್ ಹಾಕಿದ ಕಣ್ಣಿಗೆ ಇವತ್ತಲ್ಲ ನಾಳೆ ಪೊರೆ ಬಂದೇ ಬರುತ್ತದೆ, ಈ ವಯಸ್ಸಲ್ಲಿ ಇನ್ನೂ ಬೇಗ. ಒಟ್ಟಿಗೆ ಮಾಡುವುದೂ ರೂಢಿಯಲ್ಲಿದೆ. ಪೊರೆ ತೆಗೆದ ಜಾಗಕ್ಕೆ ಕಣ್ಣೊಳಗೆ ಕೂರಿಸುವ ಲೆನ್ಸ್‌ನ ಪವರ್ ದಿನಾ ಅಳೆಯುವವನು ನಾನು, ಅದಕ್ಕೇ ಹೇಳುತ್ತೇನೆ, ನೀವು ಗಟ್ಟಿಯಾಗಿ ಕೇಳಬೇಕಾದ್ದು ಅಳತೆಯ ವಿಷಯ. ಹಳೆಯ ಎ-ಸ್ಕ್ಯಾನ್ ಯಂತ್ರ ಶಬ್ದ ಹೋಗಿ ಬರುವ ಹೊತ್ತಿನಿಂದ ಕಣ್ಣಿನ ಉದ್ದ ಲೆಕ್ಕ ಹಾಕುತ್ತದೆ. ಜೆಲ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 1532 ಮೀಟರ್, ಆಯಿಲ್‌ನಲ್ಲಿ ಸುಮಾರು 980. ಇದನ್ನು ಸರಿಪಡಿಸದೆ ಅಳೆದರೆ 23 ಮಿಲಿಮೀಟರ್ ಕಣ್ಣು 30 ದಾಟಿದಂತೆ ತೋರಿಸುತ್ತದೆ, ಲೆನ್ಸ್ ಪವರ್ ಪೂರ್ತಿ ಎಡವಟ್ಟು. ಬೆಳಕಿನಿಂದ ಅಳೆಯುವ ಯಂತ್ರದಲ್ಲಿ ಆಯಿಲ್ ಇದೆ ಅಂತ ಸೆಟ್ ಮಾಡಬಹುದು, ಪೊರೆ ತೀರಾ ದಟ್ಟವಾದರೆ ಮಾತ್ರ ಅದು ಓದುವುದಿಲ್ಲ. ಇನ್ನೊಂದು, ಸಿಲಿಕೋನ್ ಲೆನ್ಸ್ ಬೇಡ. ಆಯಿಲ್ ಅದಕ್ಕೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಅಕ್ರಿಲಿಕ್ ಹಾಕಿಸಿ.

ಸಾಗರದವನು: ನನಗೆ ಎರಡೂ ಒಟ್ಟಿಗೇ ಆಯಿತು. ಕನ್ನಡಿಯಲ್ಲಿ ನೋಡಿದರೆ ಕರಿಗುಡ್ಡೆಯ ಮೇಲಂಚಿನಲ್ಲಿ ಹಾಲಿನ ನೊರೆಯಂಥ ಬಿಳಿ ಗೆರೆ ಕಾಣುತ್ತಿತ್ತು. ಆಯಿಲ್ ಒಡೆದು ಮುಂದೆ ಬಂದು, ನೀರಿಗಿಂತ ಹಗುರ ಅಲ್ವಾ, ಮೇಲೆ ತೇಲಿತ್ತು. ಕಣ್ಣಿನ ಒತ್ತಡವೂ ಏರಿತ್ತು. ಅಪ್ಪನ ಕಣ್ಣನ್ನು ಒಮ್ಮೆ ಬೆಳಕಲ್ಲಿ ನೋಡಿ, ಅಂಥದ್ದು ಕಂಡರೆ ಸುಮ್ನೆ ಕಾಯಬೇಡಿ.

ದಾವಣಗೆರೆ_ಮಗಳು: ನೋಡಿದೆ, ನೊರೆ ಇಲ್ಲ. ಆಮೇಲೆ ಅಪ್ಪ ಪೇಪರ್ ಓದಬಹುದಾ?

ಕಣ್ಣಿನ_ಕೆಲಸ: ಅದು ರೆಟಿನಾದ ನಡುಭಾಗ, ಮ್ಯಾಕುಲಾ, ಎಷ್ಟು ಉಳಿದಿದೆ ಅನ್ನುವುದರ ಮೇಲೆ. ಪೊರೆ ತೆಗೆದರೆ ಮಂಜು ಹೋಗುತ್ತದೆ, ಮ್ಯಾಕುಲಾ ಹೊಸದಾಗುವುದಿಲ್ಲ. ಆಯಿಲ್ ತೆಗೆದ ಮೇಲೆ ರೆಟಿನಾ ಮತ್ತೆ ಕಳಚುವ ಸಾಧ್ಯತೆಯೂ ಇದೆ, ಹಾಗಾಗಿ ಮಿಂಚು, ಕಪ್ಪು ಪರದೆ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ದಾವಣಗೆರೆ_ಮಗಳು: ಸೋಮವಾರ ಹೋಗುತ್ತಿದ್ದೇವೆ. ಅಳತೆ, ಲೆನ್ಸ್, ಮ್ಯಾಕುಲಾ, ಮೂರನ್ನೂ ಚೀಟಿಯಲ್ಲಿ ಬರೆದುಕೊಂಡೆ.