ಕನ್ನಡಿ, ಗಾಜುಗಳಲ್ಲಿ ಕ್ಯಾಮೆರಾ ಕಾಣದಂತೆ ಶಾಟ್ ಯೋಜಿಸುವುದು ಹೇಗೆ?

ಪ್ರಶ್ನೆ:
ನಮ್ಮ ವಿದ್ಯಾರ್ಥಿ ಕಿರುಚಿತ್ರದ ಮುಖ್ಯ ದೃಶ್ಯ ರಾತ್ರಿಯ ಹೊತ್ತು ಚಿಕ್ಕ ಕೋಣೆಯೊಂದರಲ್ಲಿ ನಡೆಯುತ್ತದೆ. ಒಂದು ಗೋಡೆಗೆ ನಿಲುವುಗನ್ನಡಿಯಿದೆ, ಪಕ್ಕದ ಗೋಡೆಯಲ್ಲಿ ದೊಡ್ಡ ಗಾಜಿನ ಕಿಟಕಿಯಿದೆ, ಪಾತ್ರಧಾರಿ ಕನ್ನಡಕ ಧರಿಸುತ್ತಾರೆ. ಪರೀಕ್ಷೆಗೆಂದು ತೆಗೆದ ಐದು ಶಾಟ್‌ಗಳ ಪೈಕಿ ಮೂರರಲ್ಲಿ ಟ್ರೈಪಾಡ್ ಅಥವಾ ಲೈಟು ಪ್ರತಿಬಿಂಬವಾಗಿ ಕಾಣಿಸಿತು. ಪೋಲರೈಸರ್ ಫಿಲ್ಟರ್ (ಪ್ರತಿಫಲನ ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಗಾಜು) ಒಂದಿದ್ದರೆ ಸಾಕಾಗುತ್ತದೆಯೇ?

ಮೊದಲ ಉತ್ತರ:
ಸಾಕಾಗುವುದಿಲ್ಲ. ಕನ್ನಡಿಯ ಹಿಂದಿರುವುದು ಲೋಹದ ಲೇಪನವಾದ್ದರಿಂದ ಅದರ ಪ್ರತಿಬಿಂಬವನ್ನು ಪೋಲರೈಸರ್ ಅಳಿಸಲಾರದು. ಬರಿಯ ಗಾಜಿನ ಮೇಲೂ ಅದು ಚೆನ್ನಾಗಿ ಕೆಲಸ ಮಾಡುವುದು ಗಾಜಿನ ಮೇಲ್ಮೈಗೆ ಲಂಬವಾದ ರೇಖೆಯಿಂದ ಸುಮಾರು 56 ಡಿಗ್ರಿ ಓರೆಯಾಗಿ ನೋಡಿದಾಗ. ನೇರವಾಗಿ ಎದುರು ನಿಂತರೆ ಪ್ರಯೋಜನವಿಲ್ಲ. ಅದಲ್ಲದೆ ಒಂದೂವರೆಯಿಂದ ಎರಡು ಸ್ಟಾಪ್‌ಗಳಷ್ಟು ಬೆಳಕನ್ನೂ ಅದು ನುಂಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು), ರಾತ್ರಿಯ ದೃಶ್ಯಕ್ಕೆ ಅದು ದೊಡ್ಡ ನಷ್ಟ.

ಮೊದಲು ಕೋಣೆಯ ನಕ್ಷೆಯನ್ನು ಅಳತೆಗೆ ಸರಿಯಾಗಿ ಬರೆದುಕೊಳ್ಳಿ. ಕ್ಯಾಮೆರಾ ಕನ್ನಡಿಯಿಂದ 2 ಮೀಟರ್ ಮುಂದಿದ್ದರೆ, ಕನ್ನಡಿಯ ಹಿಂದೆಯೂ ಅದರ ಸರಿಯೆದುರಿಗೆ 2 ಮೀಟರ್ ದೂರದಲ್ಲಿ ಒಂದು ಚುಕ್ಕಿಯಿಟ್ಟು, ಆ ಚುಕ್ಕಿಯಿಂದ ಕನ್ನಡಿಯ ಎರಡೂ ಅಂಚುಗಳನ್ನು ಹಾಯ್ದು ಕೋಣೆಯೊಳಕ್ಕೆ ಬರುವಂತೆ ಎರಡು ಗೆರೆಗಳನ್ನು ಎಳೆಯಿರಿ. ಲೆನ್ಸಿಗೆ ಕನ್ನಡಿಯಲ್ಲಿ ಕಾಣಬಲ್ಲದ್ದೆಲ್ಲವೂ ಆ ಗೆರೆಗಳ ನಡುವೆಯೇ ಇರುತ್ತದೆ. ಲೈಟು, ಮೈಕು, ಸಹಾಯಕರು ಯಾರೂ ಅಲ್ಲಿ ಇರಬಾರದು. ಕ್ಯಾಮೆರಾವನ್ನು ನಿಂತಲ್ಲೇ ತಿರುಗಿಸಿದರೆ ಈ ಗೆರೆಗಳು ಬದಲಾಗುವುದಿಲ್ಲ, ಅದರ ಜಾಗ ಸರಿಸಿದರೆ ಮಾತ್ರ ಬದಲಾಗುತ್ತವೆ ಎಂಬುದನ್ನು ಹೊಸಬರು ಬಹಳ ಸಲ ಮರೆಯುತ್ತಾರೆ. ಕ್ಯಾಮೆರಾವನ್ನು ಕನ್ನಡಿಯ ಅಂಚಿನಿಂದ ಆಚೆಗೆ, ಪಕ್ಕಕ್ಕೆ ಇಟ್ಟರೆ ಅದು ತನ್ನನ್ನು ತಾನೇ ಕಾಣುವುದಿಲ್ಲ.

ಎರಡನೆಯ ಉತ್ತರ:
ಮೇಲಿನ ನಕ್ಷೆಯ ವಿಧಾನ ಕಿಟಕಿಗೂ ಅನ್ವಯಿಸುತ್ತದೆ. ಆದರೆ ಕಿಟಕಿ ರಾತ್ರಿ ಕನ್ನಡಿಯಂತಾಗುವುದು ಹೊರಗೆ ಕತ್ತಲೆ, ಒಳಗೆ ಬೆಳಕು ಇರುವುದರಿಂದ. ಆದ್ದರಿಂದ ಗೆರೆಗಳ ನಡುವಿನ ಜಾಗಕ್ಕೆ ಬೆಳಕು ಬೀಳದಂತೆ ತಡೆದು, ಕ್ಯಾಮೆರಾದ ಮುಂದೆ ಲೆನ್ಸಿನಷ್ಟೇ ರಂಧ್ರವಿರುವ ಕಪ್ಪು ಬಟ್ಟೆಯನ್ನು ಇಳಿಬಿಡಿ. ಸಿಬ್ಬಂದಿಯೂ ಕಪ್ಪು ಬಟ್ಟೆ ಧರಿಸಲಿ.

ಕನ್ನಡಕದ ವಿಷಯದಲ್ಲಿ ನಕ್ಷೆಯನ್ನು ನಂಬಬೇಡಿ. ಗಾಜು ಉಬ್ಬಿರುವುದರಿಂದ ಕೋಣೆಯ ಬಹುಭಾಗ ಅದರಲ್ಲಿ ಮೂಡುತ್ತದೆ, ತಲೆ ಅಲುಗಿದಂತೆಲ್ಲ ಬದಲಾಗುತ್ತದೆ. ಲೈಟನ್ನು ಎತ್ತರಿಸಿ; ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ತುಸು ಮೇಲಕ್ಕೆ ಎತ್ತಿಟ್ಟರೆ ಗಾಜು ಕೆಳಮುಖವಾಗಿ ವಾಲುತ್ತದೆ. ಪಾತ್ರಧಾರಿ ಸಂಭಾಷಣೆಯನ್ನು ಪೂರ್ತಿ ಆಡುವಾಗಲೇ ಮಾನಿಟರ್‌ನಲ್ಲಿ ಪರೀಕ್ಷಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಕ್ಷೆ ಬರೆದಾಗ, ಟ್ರೈಪಾಡನ್ನು ಎಡಕ್ಕೆ ಸರಿಸಿದರೆ ಎರಡು ಶಾಟ್‌ಗಳು ಸರಿಯಾಗುವುದು ಸ್ಪಷ್ಟವಾಯಿತು. ಒಂದು ಶಾಟ್‌ನಲ್ಲಿ ಪಾತ್ರಧಾರಿಯ ಮುಖ ಕನ್ನಡಿಯಲ್ಲೇ ಕಾಣಬೇಕು. ಆಗ ಫೋಕಸನ್ನು ಕನ್ನಡಿಯ ದೂರಕ್ಕೆ ಇಡಬೇಕೇ?

ಮೊದಲ ಉತ್ತರ ನೀಡಿದವರು:
ಅಲ್ಲ. ಕ್ಯಾಮೆರಾದಿಂದ ಕನ್ನಡಿಗೆ 2 ಮೀಟರ್, ಕನ್ನಡಿಯಿಂದ ಮುಖಕ್ಕೆ 1 ಮೀಟರ್ ಇದ್ದರೆ ಫೋಕಸ್ 3 ಮೀಟರಿಗೆ ಇರಬೇಕು. ಕನ್ನಡಿಯ ದೂರಕ್ಕೆ ಇಟ್ಟರೆ ಅದರ ಮೇಲಿನ ಧೂಳು ಸ್ಪಷ್ಟವಾಗಿ ಕಾಣುತ್ತದೆ, ಮುಖ ಮಸುಕಾಗುತ್ತದೆ.