ಇಮ್ಯಾಕ್ಸ್‌ನ ಹಳೆ ಕ್ಲಾಸ್ ಕೋಡ್, ಪರದೆ ತುಂಬ ವಾರ್ನಿಂಗ್: ಎಲ್ಲಿಂದ ಶುರು ಮಾಡಲಿ?

ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ 24ನೇ ಆವೃತ್ತಿಯ ಕಾಲದಲ್ಲಿ ಯಾರೋ ಅದರ ಲಿಸ್ಪ್ ಭಾಷೆಯಲ್ಲಿ ಬರೆದಿಟ್ಟ ಪ್ಯಾಕೇಜೊಂದು ನನ್ನ ತಲೆಗೆ ಬಂದಿದೆ. ಕ್ಲಾಸ್‌ಗಳೆಲ್ಲ ಇಐಇಐಒದಲ್ಲಿವೆ (ಇಮ್ಯಾಕ್ಸ್ ಲಿಸ್ಪ್‌ಗೆ ಕ್ಲಾಸ್, ಆಬ್ಜೆಕ್ಟ್ ಒದಗಿಸುವ ಲೈಬ್ರರಿ). ಈಗಿನ ಇಮ್ಯಾಕ್ಸ್‌ನಲ್ಲಿ ಕಂಪೈಲ್ ಮಾಡಿದರೆ ವಾರ್ನಿಂಗ್‌ಗಳ ಸುರಿಮಳೆ. ಕೆಲಸವೇನೋ ಮಾಡುತ್ತಿದೆ. ಹಾಗೇ ಬಿಡಬಹುದಾ? ಮಾಡಿ ನೋಡಿದವರು ಹೇಳಿ.

ಉತ್ತರ 1

ಬಿಡಬೇಡಿ ಸಾರ್. 2016ರಲ್ಲಿ ಬಂದ 25.1ರಲ್ಲಿ ಇಐಇಐಒದ ಮೆಥಡ್ (ಕ್ಲಾಸ್‌ಗೆ ತಕ್ಕಂತೆ ಓಡುವ ಫಂಕ್ಷನ್) ವ್ಯವಸ್ಥೆಯನ್ನೇ ಸಿಎಲ್-ಜೆನೆರಿಕ್ ಎಂಬ ಲೈಬ್ರರಿ ಮೇಲೆ ಹೊಸದಾಗಿ ಕಟ್ಟಿದರು. ನಿಮ್ಮ ಕೋಡ್ ಓಡುತ್ತಿರುವುದು ಹಳಬರಿಗೆಂದು ಉಳಿಸಿಕೊಂಡ ಹೊಂದಾಣಿಕೆ ಪದರದಿಂದ.

ಮೆಥಡ್ ಬರೆಯುವ ಹಳೆಯ ಡೆಫ್‌ಮೆಥಡ್ ಇದ್ದಲ್ಲಿ ಸಿಎಲ್-ಡೆಫ್‌ಮೆಥಡ್ ಹಾಕಿ, ಅದರೊಳಗಿನ ಕಾಲ್-ನೆಕ್ಸ್ಟ್-ಮೆಥಡ್‌ಗೂ ಸಿಎಲ್ ಸೇರಿಸಿ. ಇದು ಕಣ್ಣುಮುಚ್ಚಿ ಮಾಡುವ ಕೆಲಸ. ಕಣ್ಣು ಬಿಡಬೇಕಾದ್ದು ಸ್ಟ್ಯಾಟಿಕ್ ಮೆಥಡ್‌ಗಳಲ್ಲಿ. ಹಳೆಯದರಲ್ಲಿ ಸ್ಟ್ಯಾಟಿಕ್ ಎಂದು ಬರೆದ ಮೆಥಡ್‌ಗೆ ಕ್ಲಾಸ್ ಕೊಟ್ಟರೂ ನಡೆಯುತ್ತಿತ್ತು, ಆಬ್ಜೆಕ್ಟ್ ಕೊಟ್ಟರೂ ನಡೆಯುತ್ತಿತ್ತು. ಈಗ ಅದರ ಜಾಗದಲ್ಲಿ ಸಬ್‌ಕ್ಲಾಸ್ ಎಂದು ಬರೆಯುತ್ತೇವಲ್ಲ, ಅದು ಕ್ಲಾಸನ್ನು ಮಾತ್ರ ಒಪ್ಪುತ್ತದೆ. ಕಂಪೈಲರ್ ತೆಪ್ಪಗಿರುತ್ತದೆ, ಯಾವಾಗಲೋ ಒಂದು ದಿನ ಎಲ್ಲೋ ಮೂಲೆಯಲ್ಲಿ ಆಬ್ಜೆಕ್ಟ್ ಕೊಟ್ಟು ಕರೆದಾಗ ‘ಹೊಂದುವ ಮೆಥಡ್ ಇಲ್ಲ’ ಎಂಬ ಎರರ್ ಎದುರಾಗುತ್ತದೆ. ವಾರ್ನಿಂಗ್ ಹೋಯಿತೆಂದು ಖುಷಿಪಡುವ ಮೊದಲು ಆ ಮೆಥಡ್‌ಗಳನ್ನು ಕರೆಯುವ ಜಾಗಗಳನ್ನೆಲ್ಲ ಹುಡುಕಿ ನೋಡಿ. ನನ್ನ ಪ್ರಕಾರ ಇಡೀ ಬದಲಾವಣೆಯಲ್ಲಿ ನಿಜವಾದ ಅಪಾಯ ಇದೊಂದೇ.

ಉತ್ತರ 2

ಮಾರಾಯ್ರೆ, ಅದಕ್ಕೂ ಮೊದಲು ಹಳೆ ಇಎಲ್‌ಸಿ (ಕಂಪೈಲ್ ಆದ) ಫೈಲುಗಳನ್ನೆಲ್ಲ ಅಳಿಸಿ. ಹಳೆ ಮ್ಯಾಕ್ರೋಗಳ (ಕಂಪೈಲ್ ಆಗುವಾಗ ಬೇರೆ ಕೋಡ್ ಆಗಿ ಬಿಡಿಸಿಕೊಳ್ಳುವ ತುಣುಕುಗಳ) ವಿಸ್ತರಣೆ ಅದರೊಳಗೇ ಕೂತಿರುತ್ತದೆ, ನೀವು ಏನು ತಿದ್ದಿದ್ರೂ ಅರ್ಥವಾಗದ ಎರರ್ ಬರ್ತದೆ. ಕಂಪೈಲ್ ಮಾಡುವಾಗ ನಿಮ್ಮ ಸ್ವಂತ ಸೆಟ್ಟಿಂಗ್ ಲೋಡ್ ಆಗದ ಹಾಗೆ ಬ್ಯಾಚ್ ಮೋಡ್‌ನಲ್ಲಿ ಮಾಡಿ. ಇಲ್ಲದಿದ್ರೆ ಬೇಕಾದ ಫೈಲ್ ಮೊದಲೇ ಲೋಡ್ ಆಗಿದ್ದು ಅರ್ಧ ವಾರ್ನಿಂಗ್ ಕಾಣುವುದೇ ಇಲ್ಲ. ‘ಗೊತ್ತಿಲ್ಲದ ಸ್ಲಾಟ್’ ಎಂದು ಬಂದ್ರೆ ಹೆಚ್ಚಾಗಿ ಸ್ಲಾಟ್ (ಆಬ್ಜೆಕ್ಟಿನೊಳಗೆ ಮಾಹಿತಿ ಇಡುವ ಜಾಗ) ತಪ್ಪಲ್ಲ. ಕ್ಲಾಸ್ ಬೇರೆ ಫೈಲಿನಲ್ಲಿದೆ, ಕಂಪೈಲರ್ ಅದನ್ನು ನೋಡಿಲ್ಲ ಅಷ್ಟೆ. ಮೇಲೆ ಆ ಫೈಲನ್ನು ಲೋಡ್ ಮಾಡಿಸುವ ಒಂದು ರಿಕ್ವೈರ್ ಹಾಕಿದ್ರೆ ಮುಗೀತು.

ಕೇಳಿದವರು

ಇಬ್ಬರಿಗೂ ಥ್ಯಾಂಕ್ಸ್. ಇಎಲ್‌ಸಿ ಅಳಿಸಿದೆ, ಅರ್ಧ ಗಲಾಟೆ ಅಲ್ಲಿಗೇ ನಿಂತಿತು. ಉಳಿದಿದ್ದು ಕನ್‌ಸ್ಟ್ರಕ್ಟರ್‌ಗೆ (ಆಬ್ಜೆಕ್ಟ್ ಸೃಷ್ಟಿಸುವ ಫಂಕ್ಷನ್‌ಗೆ) ಕೊಟ್ಟ ಹೆಸರಿನ ಸ್ಟ್ರಿಂಗ್ ಹಳತಾಯಿತು ಎನ್ನುವ ವಾರ್ನಿಂಗ್. ಆ ಸ್ಟ್ರಿಂಗ್ ಕಿತ್ತು ಹಾಕಲೇ?

ಉತ್ತರ 3

ಒಂದು ನಿಮಿಷ ತಡೀರಿ. ಮೊದಲು ಪ್ರತಿ ಆಬ್ಜೆಕ್ಟಿಗೂ ಹೆಸರು ಕೊಡಲೇಬೇಕಿತ್ತು, ಹಾಗಾಗಿ ಬಹುಪಾಲು ಜನ ಬಾಯಿಗೆ ಬಂದದ್ದನ್ನು ಬರೆದಿರುತ್ತಾರೆ. ಅಂಥದ್ದನ್ನು ಕೀಳಬಹುದು. ಆದರೆ ಕೋಡ್‌ನಲ್ಲಿ ಎಲ್ಲಾದರೂ ಆ ಹೆಸರನ್ನೇ ಓದಿ ಪಟ್ಟಿಯಲ್ಲಿ ತೋರಿಸುತ್ತಿದ್ದರೆ, ಕ್ಲಾಸನ್ನು ಇಐಇಐಒ-ನೇಮ್ಡ್ ಎಂಬ ಕ್ಲಾಸಿನ ಸಬ್‌ಕ್ಲಾಸ್ ಮಾಡಿ, ಹೆಸರನ್ನು ಆಬ್ಜೆಕ್ಟ್-ನೇಮ್ ಎಂಬ ಕೀವರ್ಡ್ ಜೊತೆ ಕೊಡಿ. ಎಲ್ಲ ಮುಗಿದ ಮೇಲೆ ಇಐಇಐಒ-ಬ್ಯಾಕ್‌ವರ್ಡ್-ಕಂಪ್ಯಾಟಿಬಿಲಿಟಿ ಎಂಬ ವೇರಿಯಬಲ್‌ಗೆ ನಿಲ್ (ಲಿಸ್ಪ್‌ನಲ್ಲಿ ‘ಇಲ್ಲ’) ಕೊಟ್ಟು ಇನ್ನೊಮ್ಮೆ ಕಂಪೈಲ್ ಮಾಡಿ ಓಡಿಸಿ. ಮುಂದೆ ಕೋಟ್ ಚಿಹ್ನೆ ಇಲ್ಲದೆ ವೇರಿಯಬಲ್‌ನಂತೆ ಬಳಸಿದ ಕ್ಲಾಸ್ ಹೆಸರುಗಳು ಆಗ ಸಿಕ್ಕಿಬೀಳುತ್ತವೆ.