ತಲೆಗೆ ಗಾಳಿ ಹೊಡೆದವನು

ಶೀನ: ಮೂಕಿ ಸಿನಿಮಾ ತೆಗೆಯೋದು ಸಲೀಸು ಬಿಡ್ರೋ. ಮಾತಿಲ್ಲ, ಡಬ್ಬಿಂಗ್ ಇಲ್ಲ. ಕ್ಯಾಮೆರಾ ಹಿಡಿ ತಿರುಗಿಸ್ತಾ ಇದ್ರೆ ಆಯ್ತು.

ರಾಮು: ತಿರುಗಿಸು ನೋಡೋಣ! ಒಂದು ಸುತ್ತಿಗೆ 8 ಫ್ರೇಮು, ಅಂದ್ರೆ 8 ಬಿಡಿ ಚಿತ್ರ, ಸೆಕೆಂಡಿಗೆ ಎರಡು ಸುತ್ತು. ಅರ್ಧ ನಿಮಿಷಕ್ಕೆ 60 ಸುತ್ತು. ಕೈ ಸೋತು ನಿಧಾನ ಮಾಡಿದೆಯೋ, ಫ್ರೇಮಿಗೆ ಬೆಳಕು ಜಾಸ್ತಿ ಬಿದ್ದು ಬೆಳ್ಳಗಾಗುತ್ತೆ. ಸಾಲದ್ದಕ್ಕೆ, ಪರದೆ ಮೇಲೆ ನಡೆಯೋರೆಲ್ಲ ಓಡ್ತಾರೆ.

ಶೀನ: ನಿಧಾನ ಮಾಡಿದ್ರೆ ಓಡ್ತಾರಾ?

ರಾಮು: ಕಮ್ಮಿ ಫ್ರೇಮು ತೆಗೆದು ಮಾಮೂಲಿ ವೇಗದಲ್ಲಿ ಓಡಿಸಿದ್ರೆ ಇನ್ನೇನಾಗುತ್ತೆ?

ಪದ್ಮ: ಪ್ಯಾರಿಸ್ಸಿನ ಜಾದೂಗಾರ ಜಾರ್ಜ್ ಮೆಲಿಯೆಸ್‌ನ ಕೇಳ್ಬೇಕು ಆ ಕಷ್ಟ. 1900ರಲ್ಲಿ ಒಂದೇ ಪರದೆ ಮೇಲೆ ಏಳು ಮೆಲಿಯೆಸ್‌ಗಳನ್ನ ಸಾಲಾಗಿ ಕೂರಿಸಿ ವಾದ್ಯ ಬಾರಿಸಿದ. ಏಳೂ ಅವನೇ!

ಶೀನ: ಏಳು ಸಲ ತೆಗೆದು ಅಂಟಿಸಿದ್ನಾ?

ಪದ್ಮ: ಅಂಟಿಸೋದೆಲ್ಲಿ ಬಂತು? ಅದೇ ಫಿಲ್ಮನ್ನ ಹಿಂದಕ್ಕೆ ಸುತ್ತಿ ಅದರ ಮೇಲೇ ಮತ್ತೆ ತೆಗೆಯೋದು. ಹಿಂದೆ ಕಪ್ಪು ಇರಬೇಕು. ಕಪ್ಪು ಬಿದ್ದ ಜಾಗ ಫಿಲ್ಮಲ್ಲಿ ಖಾಲಿ ಉಳಿಯುತ್ತೆ, ಮುಂದಿನವನು ಅಲ್ಲಿ ಕೂರಬೇಕು. ಪಕ್ಕದವನ ಜಾಗಕ್ಕೆ ಮೊಣಕೈ ಚಾಚಿದ್ರೆ ಇಬ್ಬರೂ ದೆವ್ವದ ಹಾಗೆ ಪಾರದರ್ಶಕ. ಸುತ್ತುವಾಗ ಲೆನ್ಸಿಗೆ ಮುಚ್ಚಳ ಮರೆತರೆ ಬೆಳಕು ಬಿದ್ದು ಎಲ್ಲ ಹಾಳು.

ರಾಮು: ಸುತ್ತು ಎಣಿಸೋದೂ ತಪ್ಪಬಾರದು. ಏಳನೇ ಸಲ ಆಕ್ಷೀ ಅಂತ ಸೀನಿಬಿಟ್ಟ ಅನ್ಕೋ, ಮೊದಲಿನ ಆರು ಜನಾನೂ ಹೋದ್ರು.

ಶೀನ: ಅಯ್ಯೋ! ಅದೂ ಬಿಸಿಲು ನಂಬಿಕೊಂಡು?

ಪದ್ಮ: ಹೂಂ, ಪ್ಯಾರಿಸ್ ಪಕ್ಕದ ಮೊಂಟ್ರೆಯ್‌ನಲ್ಲಿ 1897ರಲ್ಲಿ ಕಟ್ಟಿದ ಗಾಜಿನ ಸ್ಟುಡಿಯೋ. ಮೂರನೆಯವನ ಸರದಿಗೆ ಮೋಡ ಬಂದ್ರೆ ಅವನೊಬ್ಬ ಕಪ್ಪಗೆ. ಆಗಿನ ಫಿಲ್ಮಿಗೆ ಕೆಂಪೂ ಕಾಣ್ತಿರಲಿಲ್ಲ, ಕಪ್ಪೇ. ಅದಕ್ಕೇ ಸೆಟ್ಟಿಗೆಲ್ಲ ಬೂದು ಬಣ್ಣ ಬಳಿಸ್ತಿದ್ದ.

ರಾಮು: ನನಗೆ ಇಷ್ಟ ಅಂದ್ರೆ ಅವನ 1901ರ ರಬ್ಬರ್ ತಲೆ ಸಿನಿಮಾ. ಮೇಜಿನ ಮೇಲೆ ಬರೀ ತಲೆ, ತಿದಿ ಒತ್ತಿದ ಹಾಗೆ ಬಲೂನಿನಂತೆ ಊದುತ್ತೆ. ಈ ಬೋಂಡಾನೇ ತಲೆ ಅನ್ಕೊಳ್ಳಿ, ಶೀನನ ಮೂಗು ಕ್ಯಾಮೆರಾ. ಬೋಂಡ ಹತ್ತಿರ ತಂದ್ರೆ?

ಶೀನ: ದೊಡ್ಡದಾಗಿ ಕಾಣುತ್ತೆ. ಘಮ ಅಂತಾನೂ ಇದೆ.

ರಾಮು: ಅಷ್ಟೇ ಗುಟ್ಟು! ಕುತ್ತಿಗೆವರೆಗೆ ಕಪ್ಪು ಬಟ್ಟೆ ಹೊದ್ದು, ಗಾಲಿ ಕುರ್ಚಿ ಮೇಲೆ ಕೂತು ಕ್ಯಾಮೆರಾ ಕಡೆಗೆ ತಾನೇ ಬಂದ.

ಪದ್ಮ: ನೆಟ್ಟಗೆ ಬಂದಿದ್ರೆ ಗದ್ದ ಮೇಜಿಂದ ಕೆಳಗೆ ಇಳೀತಿತ್ತು. ಅದಕ್ಕೆ ದಾರಿ ಇಳಿಜಾರು ಮಾಡಿ, ಬರ್ತಾ ಬರ್ತಾ ಮೇಲಕ್ಕೇರಿಸಿದ. ಫೋಕಸ್ಸೂ ಕೂಡ ಅವನ ಜೊತೆ ಜೊತೆಗೇ ಸರಿಯಬೇಕು.

ಶೀನ: ಮಾಯ ಮಾಡೋದು ಹೇಗೆ ಹಾಗಾದ್ರೆ?

ರಾಮು: ಅದು ಸುಲಭ. ಕ್ಯಾಮೆರಾ ನಿಲ್ಲಿಸು, ಎಲ್ಲರೂ ಕಲ್ಲಿನ ಹಾಗೆ ನಿಲ್ಲಿ, ಬೇಕಾದ್ದನ್ನ ತೆಗಿ, ಮತ್ತೆ ತಿರುಗಿಸು. ಆದ್ರೂ ಜಿಗಿತ ಕಾಣುತ್ತೆ, ಆಮೇಲೆ ಕತ್ತರಿ ಹಿಡಿದು ಆ ಜಾಗದ ಫ್ರೇಮು ತೆಗೆದು ಅಂಟಿಸಿ ಸರಿ ಮಾಡ್ತಿದ್ದ.

ಪದ್ಮ: ಅಷ್ಟು ಮಾಡಿ, 1923ರಲ್ಲಿ ತನ್ನ ನೆಗೆಟಿವ್‌ಗಳನ್ನ ತಾನೇ ಸುಟ್ಟ. ಆಮೇಲೆ ರೈಲ್ವೆ ಸ್ಟೇಷನ್ನಿನಲ್ಲಿ ಆಟಿಕೆ ಅಂಗಡಿ.

ರಾಮು: ಛೇ... ಅಲ್ಲ, ಇಲ್ಲಿದ್ದ ತಲೆ ಎಲ್ಲೋ?

ಶೀನ: ನೀವು ಆ ಕಡೆ ತಿರುಗಿದಾಗ ಕ್ಯಾಮೆರಾ ನಿಂತಿತ್ತು. ಚಟ್ನಿ ಮಾತ್ರ ಫ್ರೇಮಲ್ಲಿ ಉಳಿದುಬಿಟ್ಟಿದೆ ನೋಡು.